ಒಂದೇ ಕಲ್ಲಿನ ಎರಡು ಗಡಿಯಾರ

ಆ ಊರಲ್ಲಿ ಗಂಡು ಹೆಣ್ಣು ಮದುವೆಯಾಗುವ ದಿನ ಒಂದು ಕಲ್ಲನ್ನು ಸೀಳುತ್ತಿದ್ದರು.

ಊರ ಹಿಂದಿನ ಗುಡ್ಡದಿಂದ ತಂದ ಕಲ್ಲು. ಕೆಲವೊಮ್ಮೆ ಅದು ಹಸಿರಾಗಿರುತ್ತಿತ್ತು, ಒಳಗೆ ಬಳೆಬಳೆಯಾಗಿ ಕಪ್ಪು ಗೆರೆ ಸುತ್ತಿಕೊಂಡಿರುತ್ತಿತ್ತು. ಕೆಲವೊಮ್ಮೆ ಹುಲಿಯ ಕಣ್ಣಿನ ಹಾಗೆ, ಹೊರಳಿಸಿದ ಕಡೆ ಬೆಳಕು ಹೊರಳುತ್ತಿತ್ತು. ಕಲ್ಲು ಕೊಯ್ಯುವವನು ಅದರಿಂದ ವೀಳ್ಯದೆಲೆಯಷ್ಟು ತೆಳುವಾದ ಎರಡು ಬಿಲ್ಲೆ ತೆಗೆಯುತ್ತಿದ್ದ. ಪಕ್ಕಪಕ್ಕ ಇಟ್ಟರೆ ಈ ಬಿಲ್ಲೆಯ ಗೆರೆ ಆ ಬಿಲ್ಲೆಯೊಳಕ್ಕೆ ಹರಿದುಹೋಗಬೇಕು. ಅಕ್ಕಸಾಲಿ ಎರಡು ಚಿನ್ನದ ಕೈಗಡಿಯಾರ ಮಾಡಿ ಆ ಬಿಲ್ಲೆಗಳನ್ನೇ ಮುಖವಾಗಿ ಕೂರಿಸುತ್ತಿದ್ದ. ಎರಡು ಮುಳ್ಳು ಬಿಟ್ಟರೆ ಅದರ ಮೇಲೆ ಬೇರೇನೂ ಇಲ್ಲ. ಅಂಕಿ ಕೆತ್ತಿದರೆ ಕಲ್ಲಿಗೆ ನೋವಾಗುತ್ತದೆ ಎನ್ನುತ್ತಿದ್ದರು. ಒಂದನ್ನು ಗಂಡ ಕಟ್ಟಿಕೊಳ್ಳುತ್ತಿದ್ದ, ಇನ್ನೊಂದನ್ನು ಹೆಂಡತಿ. ಅಲ್ಲಿಗೆ ಮದುವೆ ಆಯಿತು.

ಇಬ್ಬರಲ್ಲಿ ಒಬ್ಬರು ಸತ್ತರೆ ಉಳಿದವರು ಸತ್ತವರ ಗಡಿಯಾರ ತೆಗೆದುಕೊಂಡು ಹೊಳೆಗೆ ಹೋಗಬೇಕು. ಸೊಂಟದ ತನಕ ನೀರಿಗಿಳಿಯಬೇಕು. ಹೆಸರನ್ನು ಮೂರು ಸಲ ಕೂಗಿ ಗಡಿಯಾರವನ್ನು ಬಿಟ್ಟುಬಿಡಬೇಕು. ಅದು ನೀರಿಗೆ ಬೀಳುವ ತನಕ ಸತ್ತವರು ಸತ್ತಂತಲ್ಲ. ದೇಹ ಸುಟ್ಟು ಬೂದಿಯಾಗಿದ್ದರೂ ಊರವರು ಅವರ ಬಗ್ಗೆ ‘ಇದ್ದಾರೆ’ ಎಂದೇ ಮಾತಾಡುತ್ತಿದ್ದರು. ನೀರಿಗೆ ಬಿದ್ದ ಮೇಲೆ ಮುಗಿಯಿತು. ಆ ಹೆಸರನ್ನು ಯಾರೂ ಎತ್ತುವ ಹಾಗಿಲ್ಲ. ಆ ಮನುಷ್ಯ ಎದುರಿಗೆ ಬಂದು ನಿಂತರೂ ನೋಡುವ ಹಾಗಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಸತ್ತವರು ಎಲ್ಲಿ ಎದುರಿಗೆ ಬರುತ್ತಾರೆ ಎಂದು ಮಕ್ಕಳು ನಗುತ್ತಿದ್ದರು.

ಉಳಿದವರು ತಮ್ಮ ಗಡಿಯಾರವನ್ನೂ ಬಿಚ್ಚಿಬಿಡುತ್ತಿದ್ದರು. ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟರೆ ಇಡಬಹುದು, ಯಾರಿಗಾದರೂ ಕೊಟ್ಟರೆ ಕೊಡಬಹುದು. ಅದನ್ನು ಒಂಟಿ ಗಡಿಯಾರ ಎಂದು ಕರೆಯುತ್ತಿದ್ದರು.

ಇಂಥ ಒಂಟಿ ಗಡಿಯಾರಗಳನ್ನು ಕೂಡಿಹಾಕುವ ಒಬ್ಬ ಮನುಷ್ಯ ಆ ಊರಲ್ಲಿದ್ದ. ಹೆಸರು ರಂಗಧಾಮ. ಆದರೆ ಎಲ್ಲರೂ ಅವನನ್ನು ಗಡಿಯಾರದವನು ಎಂದೇ ಕರೆಯುತ್ತಿದ್ದರು. ಅಷ್ಟು ಹೊತ್ತಿಗೆ ಗುಡ್ಡದ ಬಣ್ಣದ ಕಲ್ಲು ಬರಿದಾಗಿ, ಹೊಸ ಜೋಡಿಗಳು ಸುಣ್ಣದ ಹಾಗೆ ಬೆಳ್ಳಗಿರುವ ಬಿಲ್ಲೆಗಳನ್ನು ಕಟ್ಟಿಕೊಳ್ಳುತ್ತಿದ್ದವು. ಹಳೆಯ ಕಲ್ಲು ಇದ್ದದ್ದು ಮುದುಕ ಮುದುಕಿಯರ ಕೈಗಳಲ್ಲಿ, ಪೆಟ್ಟಿಗೆಗಳಲ್ಲಿ ಮಾತ್ರ. ಯಾರ ಮನೆಯಲ್ಲಿ ಸಾವಾದರೂ ಗಡಿಯಾರದವನು ಹೋಗುತ್ತಿದ್ದ. ಮೊದಲು ಹೆಣಕ್ಕೆ ಹೆಗಲು ಕೊಡುತ್ತಿದ್ದ, ಆಮೇಲೆ ಒಂದು ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದ. ಅವನು ಯಾತಕ್ಕೆ ಕೂತಿದ್ದಾನೆಂದು ಎಲ್ಲರಿಗೂ ತಿಳಿದಿರುತ್ತಿತ್ತು. ಅವನು ಕೆಟ್ಟವನಾಗಿರಲಿಲ್ಲ, ಹಾಗಾಗಿ ಯಾರೂ ಏನೂ ಅನ್ನುತ್ತಿರಲಿಲ್ಲ.

ಒಮ್ಮೆ ಒಬ್ಬ ಮುದುಕ ತನ್ನ ಹಸಿರು ಕಲ್ಲಿನ ಗಡಿಯಾರವನ್ನು ಅವನ ಅಂಗೈಲಿಟ್ಟು ಕೇಳಿದ.

"ಇದನ್ನ ಏನು ಮಾಡ್ತೀಯಪ್ಪ?"

"ಒರೆಸ್ತೀನಿ, ಕೀಲಿ ಕೊಡ್ತೀನಿ. ನೋಡ್ತಾ ಕೂತ್ಕೋತೀನಿ, ಅಜ್ಜಾ."

"ನೋಡಿದ್ರೆ ಏನು ಕಾಣ್ಸುತ್ತೆ?"

ಗಡಿಯಾರದವನು ಅದನ್ನು ಕಿವಿಗೆ ಹಿಡಿದ. ಅವನಿಗೆ ಕಾಣಿಸುತ್ತಿದ್ದದ್ದು ಒಂದೇ. ಕಲ್ಲಿನೊಳಗಿನ ಗೆರೆ ಸುತ್ತಿ ಸುತ್ತಿ ಬಂದು ಚಿನ್ನದ ಅಂಚಿಗೆ ತಲುಪಿ ಅಲ್ಲಿಗೆ ನಿಂತುಬಿಡುತ್ತಿತ್ತು. ಅದರ ಮುಂದಿನ ಭಾಗ ಹೊಳೆಯ ತಳದಲ್ಲಿತ್ತು. ಅವನ ಕಪಾಟಿನ ಹಲಗೆಗಳ ಮೇಲೆಲ್ಲ ಹೀಗೆ ಅರ್ಧಕ್ಕೆ ನಿಂತ ಗೆರೆಗಳು. ದಿನವೂ ಬೆಳಿಗ್ಗೆ ಅವನು ಒಂದೊಂದನ್ನೇ ತೆಗೆದು, ಹತ್ತಿಬಟ್ಟೆಯಲ್ಲಿ ಒರೆಸಿ, ಕೀಲಿ ಕೊಟ್ಟು, ಕಿವಿಗೆ ಹಿಡಿದು, ಮತ್ತೆ ಇಡುತ್ತಿದ್ದ. ಮನೆಯೆಲ್ಲ ಟಿಕಟಿಕ ಎನ್ನುತ್ತಿತ್ತು. ಪೂರ್ತಿ ಗೆರೆಯನ್ನು, ಎರಡು ಗಡಿಯಾರದಲ್ಲಿ ಹರಿಯುವ ಒಂದೇ ಗೆರೆಯನ್ನು, ಅವನು ಜನರ ಮಣಿಕಟ್ಟುಗಳ ಮೇಲೆ ನೋಡಿದ್ದ, ತನ್ನ ಕೈಯಲ್ಲಿ ಹಿಡಿದಿರಲಿಲ್ಲ. ಸಿಗುವುದಾದರೂ ಹೇಗೆ? ಒಂದು ಬಿಡುಗಡೆಯಾಗಬೇಕಾದರೆ ಇನ್ನೊಂದು ನೀರಿಗೆ ಹೋಗಲೇಬೇಕು.

ಅವನಿಗೂ ಹೆಂಡತಿಯಿದ್ದಳು, ತುಂಗಮ್ಮ. ಅವರಿಬ್ಬರಿಗೂ ಒಂದು ಜೋಡಿ ಇತ್ತು. ಮಂಜಿನ ಬಣ್ಣದ ಕಲ್ಲು, ನಡುವೆ ಕೆಂಚು ಗೆರೆ. ಅವರ ಮದುವೆಯ ದಿನ ಕಲ್ಲು ಕೊಯ್ಯುವವನ ಕೈ ಸ್ವಲ್ಪ ಜಾರಿತ್ತು. ಅಕ್ಕಪಕ್ಕ ಇಟ್ಟರೆ ಗೆರೆಗೆ ಗೆರೆ ಕೂಡುತ್ತಿರಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ತುಂಗಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಗಂಡನ ಕೈಯನ್ನು ತನ್ನ ಕೈ ಪಕ್ಕಕ್ಕೆ ಎಳೆದುಕೊಂಡು, ತನ್ನ ಮಣಿಕಟ್ಟನ್ನು ಒಂದಿಷ್ಟು ವಾರೆ ಮಾಡಿ, "ನೋಡಿ, ಹೀಗಿಟ್ಟರೆ ಕೂಡುತ್ತೆ" ಎಂದು ನಗುತ್ತಿದ್ದಳು. ಅವನು ಕೈ ಎಳೆದುಕೊಳ್ಳುತ್ತಿದ್ದ. ವಾರೆ ಮಾಡಿ ಕೂಡಿಸಿದ್ದು ಅವನಿಗೆ ಕೂಡಿದ್ದಾಗಿ ಕಾಣುತ್ತಿರಲಿಲ್ಲ. ಬರಬರುತ್ತ ಅವಳೂ ಹಾಗೆ ಮಾಡುವುದನ್ನು ಬಿಟ್ಟಳು.

ಆ ಊರಿಗೆ ಸೇತುವೆಯಿರಲಿಲ್ಲ. ಹೊಳೆ ದಾಟಬೇಕಾದರೆ ಅಂಬಿಗನ ದೋಣಿ. ಅಂಬಿಗ ಹುಟ್ಟು ಹಾಕುತ್ತಿದ್ದ, ಅವನ ಹೆಂಡತಿ ಹಿಂದೆ ಕೂತು ದೋಣಿಯ ಮೂತಿ ತಿರುಗಿಸುತ್ತಿದ್ದಳು. ಮಕ್ಕಳಿಲ್ಲದ ಗಂಡಹೆಂಡಿರು. ದೋಣಿಯಲ್ಲೇ ಮುದುಕರಾದವರು. ತುಂಗಮ್ಮನ ಅಕ್ಕನ ಮನೆ ಆಚೆ ದಡದಲ್ಲಿತ್ತು. ಅವಳು ವಾರಕ್ಕೊಮ್ಮೆ ದಾಟುತ್ತಿದ್ದಳು. ಅಂಬಿಗಿತ್ತಿ ಅವಳಿಗಾಗಿ ದಡದ ಹೊನಗೊನೆ ಸೊಪ್ಪು ಕಿತ್ತು ಸೆರಗಿನಲ್ಲಿ ಕಟ್ಟಿ ಇಟ್ಟಿರುತ್ತಿದ್ದಳು.

ಗಡಿಯಾರದವನು ಒಂದು ದಿನ ಹೆಂಡತಿಯ ಜೊತೆ ದೋಣಿ ಹತ್ತಿದ. ನಡು ಹೊಳೆಯಲ್ಲಿ ಬಿಸಿಲು ಬಿತ್ತು. ಅಂಬಿಗಿತ್ತಿ ಗಂಡನಿಗೆ ನೀರು ಕೊಡಲೆಂದು ಚೊಂಬು ಚಾಚಿದಳು, ಅವನು ಕೈ ನೀಡಿದ. ಎರಡು ಮಣಿಕಟ್ಟು ಒಂದರ ಪಕ್ಕ ಒಂದು ಬಂದವು.

ಕಡುನೀಲಿ ಕಲ್ಲು. ಸಂಜೆ ಕಪ್ಪಾಗುವುದಕ್ಕೆ ಮುಂಚಿನ ಆಕಾಶದ ನೀಲಿ. ಅದರಲ್ಲಿ ಒಂದೇ ಒಂದು ಬಂಗಾರದ ಎಳೆ. ಅಂಬಿಗಿತ್ತಿಯ ಗಡಿಯಾರದಲ್ಲಿ ಹುಟ್ಟಿ, ಬಳುಕಿ, ಅಂಚು ದಾಟಿ, ಅಂಬಿಗನ ಗಡಿಯಾರದೊಳಗೆ ಹರಿದು ಅಲ್ಲಿ ಎರಡು ಕವಲಾಗಿ ಮುಗಿದಿತ್ತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಗಡಿಯಾರದವನ ಕಣ್ಣಿಗೆ ತನ್ನ ಕಪಾಟಿನಲ್ಲಿದ್ದದ್ದೆಲ್ಲ ಆ ಹೊತ್ತಿಗೆ ಬರಿ ಕಲ್ಲುಪುಡಿಯಾಯಿತು.

ಅಂದಿನಿಂದ ಅವನು ದಿನವೂ ದೋಣಿ ಹತ್ತತೊಡಗಿದ. ಆಚೆ ದಡದಲ್ಲಿ ಅವನಿಗೆ ಕೆಲಸವಿರಲಿಲ್ಲ. ಹೋಗುತ್ತಿದ್ದ, ಅದೇ ದೋಣಿಯಲ್ಲಿ ತಿರುಗಿ ಬರುತ್ತಿದ್ದ. ಅಂಬಿಗ ನಕ್ಕು ಕೇಳಿದ.

"ಏನು ಯಜಮಾನ್ರೇ, ಹೊಳೆ ಗಾಳಿ ಹಿಡಿಸಿಬಿಡ್ತಾ?"

"ನಿಮ್ಮ ಜೋಡಿ ನನಗೆ ಕೊಡ್ತೀರಾ?" ಎಂದುಬಿಟ್ಟ ಗಡಿಯಾರದವನು. "ಏನು ಬೇಕಾದರೂ ಕೇಳಿ."

ಅಂಬಿಗ ಹುಟ್ಟು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಅಂಬಿಗಿತ್ತಿಗೆ ಸಿಟ್ಟು ಬರಲಿಲ್ಲ.

"ಅಲ್ಲಾ ಅಣ್ಣಾ, ನಾವಿನ್ನೂ ಇದೀವಲ್ಲ. ಕೈಯಲ್ಲಿರೋದನ್ನ ಕೊಟ್ಟು ನಾವೇನು ಒಬ್ಬರಿಗೊಬ್ಬರು ಯಾರೋ ಆಗೋದಾ? ನಾನು ಮೊದಲು ಹೋದ್ರೆ ಇವರದ್ದು ನಿನಗೇ. ಇವರು ಹೋದ್ರೆ ನನ್ನದು ನಿನಗೇ. ಆಯ್ತಲ್ಲ?"

"ಒಂದೇ ಸಿಕ್ಕಿ ಏನು ಪ್ರಯೋಜನ?"

"ಎರಡೂ ಬೇಕು ಅಂದ್ರೆ ಇಬ್ಬರೂ ಒಟ್ಟಿಗೆ ಹೋಗಬೇಕು ನಾವು" ಎಂದು ಅವಳು ನಕ್ಕಳು. ಅಂಬಿಗನೂ ನಕ್ಕ. "ಆ ಪುಣ್ಯ ಯಾರಿಗಿದೆ ತಂಗೀ" ಎಂದು ದೋಣಿಯಲ್ಲಿ ಕೂತಿದ್ದ ಮುದುಕಿಯೊಬ್ಬಳು ನಿಟ್ಟುಸಿರಿಟ್ಟಳು.

ಗಡಿಯಾರದವನು ನಗಲಿಲ್ಲ. ಹಿರಿಯರ ಮಾತೊಂದು ಅವನಿಗೆ ನೆನಪಾಗಿತ್ತು. ಗಂಡಹೆಂಡತಿ ಒಟ್ಟಿಗೆ ಹೋದರೆ ಗಡಿಯಾರವನ್ನು ಹೊಳೆಗೆ ಬಿಡಲು ಯಾರೂ ಉಳಿದಿರುವುದಿಲ್ಲ. ಮಕ್ಕಳೂ ಇಲ್ಲದಿದ್ದರೆ ಮೊದಲು ಬಿಚ್ಚಿಕೊಂಡವನೇ ಅದರ ಒಡೆಯ. ಊರಲ್ಲಿ ಯಾರ ಕಾಲದಲ್ಲೂ ಹಾಗೆ ಆಗಿರಲಿಲ್ಲ. ಅವನು ಮನೆಗೆ ಬಂದು ಚಂದನದ ಮರದಲ್ಲಿ ಒಂದು ಸಣ್ಣ ಪೆಟ್ಟಿಗೆ ಮಾಡಿಸಿದ. ಒಳಗೆ ಮೆತ್ತನೆ ಬಟ್ಟೆ ಹಾಸಿ ಪಕ್ಕಪಕ್ಕದಲ್ಲಿ ಎರಡು ಗುಳಿ ಮಾಡಿಸಿದ. ಸುಮ್ಮನೆ ಇರಲಿ ಎಂದುಕೊಂಡ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಅವನು ದೋಣಿಯ ನಡು ಹಲಗೆಯ ಮೇಲೆ ಕೂತು ಎಂದಿನಂತೆ ಆ ನೀಲಿಯನ್ನು ನೋಡುತ್ತಿದ್ದಾಗ ಪಾದ ತಣ್ಣಗಾಯಿತು. ಬಗ್ಗಿ, ಕಾಲಡಿ ಹಾಸಿದ್ದ ಗೋಣಿತಾಟನ್ನು ಎತ್ತಿದ. ತಳದ ಹಲಗೆಯೊಂದು ಉದ್ದಕ್ಕೂ ಬಿರುಕುಬಿಟ್ಟು ಒಳಗಿನಿಂದ ಮೆತ್ತಗಾಗಿತ್ತು. ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ನೀರು ಜಿನುಗುತ್ತಿತ್ತು. ಅಂಬಿಗ ಮುಂದೆ ನೋಡುತ್ತಿದ್ದ, ಅಂಬಿಗಿತ್ತಿ ದಡ ನೋಡುತ್ತಿದ್ದಳು.

ಅವನು ಗೋಣಿತಾಟನ್ನು ಮೊದಲಿದ್ದ ಹಾಗೆ ಹಾಸಿದ.

ಹೇಳಬಾರದೆಂದು ಅವನು ತೀರ್ಮಾನಿಸಿರಲಿಲ್ಲ. ದಡಕ್ಕೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡ. ದಡಕ್ಕೆ ಬಂದಾಗ ಅಂಬಿಗಿತ್ತಿ, "ಅಣ್ಣಾ, ಈ ಸೊಪ್ಪು ತುಂಗಕ್ಕನಿಗೆ ಕೊಡು" ಎಂದು ಕಟ್ಟೊಂದನ್ನು ಅವನ ಕೈಗೆ ಕೊಟ್ಟಳು. ಅವಳ ಮಣಿಕಟ್ಟು ಅವನ ಕಣ್ಣ ಮುಂದೆಯೇ ಇತ್ತು. "ಬರ್ತೀನಮ್ಮಾ" ಎಂದು ಅವನು ದಡದ ಮೆಟ್ಟಿಲು ಹತ್ತಿದ.

ಮಾರನೆಯ ದಿನ ಅವನು ದೋಣಿ ಹತ್ತಲಿಲ್ಲ. ಅದರ ಮಾರನೆಯ ದಿನವೂ ಹತ್ತಲಿಲ್ಲ. ಹೊಳೆ ಕೆಂಪಾಗಿ ಏರುತ್ತಿತ್ತು. ತುಂಗಮ್ಮ ಅಕ್ಕನ ಮನೆಗೆ ಹೊರಟು ಡಬ್ಬಿ ಕಟ್ಟಿಕೊಂಡಳು.

"ನೀನು ದೋಣಿ ಹತ್ತಬೇಡ" ಎಂದ ಅವನು.

"ಯಾಕೆ?"

"ಹೊಳೆ ಏರಿದೆ."

"ಇದಕ್ಕಿಂತ ಏರಿದಾಗಲೂ ಹೋಗಿದೀನಲ್ಲ. ಅಂಬಿಗಣ್ಣ ಇದಾರೆ."

"ಹತ್ತಬೇಡ ಅಂದ್ನಲ್ಲ! ನೀರಿಳಿಯೋ ತನಕ ಆ ದೋಣಿ ಹತ್ರ ಹೋಗಬೇಡ."

ಅವನ ದನಿ ಎಂದೂ ಹಾಗೆ ಏರಿರಲಿಲ್ಲ. ಎಷ್ಟೋ ವರ್ಷದ ಮೇಲೆ ಗಂಡ ತನಗಾಗಿ ಹೆದರಿದ್ದಾನೆ ಎನಿಸಿ ತುಂಗಮ್ಮನಿಗೆ ಒಳಗೇ ಹಿತವಾಯಿತು. ಅವಳು ಡಬ್ಬಿ ಬಿಚ್ಚಿದಳು. ಅಂದು ಅವನಿಗೆ ಇಷ್ಟವೆಂದು ಹಾಗಲಕಾಯಿ ಗೊಜ್ಜು ಮಾಡಿದಳು. ಊಟ ಮುಗಿಸಿ ಅವನು ಹೊರಗೆ ಹೊರಟ. ಹೆಗಲ ಮೇಲೆ ಒಣಗಿದ ಬಟ್ಟೆ, ಕಂಕುಳಲ್ಲಿ ಚಂದನದ ಪೆಟ್ಟಿಗೆ.

ಆ ದಿನ ಏನೂ ಆಗಲಿಲ್ಲ. ಅವನು ಸಂಜೆಯ ತನಕ ಮೆಟ್ಟಿಲ ಮೇಲೆ ಕೂತಿದ್ದು ಬಂದ. ದಿನವೂ ಹೋದ, ದಿನವೂ ಕೂತ. ಅಂಬಿಗ ದೋಣಿಯಿಂದಲೇ ಕೂಗುತ್ತಿದ್ದ, "ಬನ್ನಿ ಯಜಮಾನ್ರೇ!" ಅವನು ತಲೆಯಾಡಿಸುತ್ತಿದ್ದ. ಈಗ ಹೇಳಲೇ ಎಂದು ಎದ್ದು ನಿಲ್ಲುತ್ತಿದ್ದ. ಮತ್ತೆ ಕೂರುತ್ತಿದ್ದ.

ಒಂದು ಇಳಿಹೊತ್ತು, ಜನರನ್ನು ಆಚೆ ದಡಕ್ಕೆ ಇಳಿಸಿ ಅಂಬಿಗ ಮತ್ತು ಅಂಬಿಗಿತ್ತಿ ಬರಿ ದೋಣಿಯಲ್ಲಿ ಹಿಂತಿರುಗುತ್ತಿದ್ದರು. ನಡು ಹೊಳೆಯಲ್ಲಿ ದೋಣಿ ಸ್ವಲ್ಪ ತಗ್ಗಿತು. ಅಂಬಿಗ ಎದ್ದು ನಿಂತ. ಅಂಬಿಗಿತ್ತಿ ಚೊಂಬಿನಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಿರುವುದು ಮೆಟ್ಟಿಲ ಮೇಲಿದ್ದವನಿಗೆ ಕಾಣಿಸಿತು. ಆಮೇಲೆ ಅವಳು ಚೊಂಬು ಬಿಟ್ಟು ಗಂಡನ ಹತ್ತಿರ ಬಂದಳು. ಅವರು ಕೂಗಿದರೋ ಇಲ್ಲವೋ, ನೀರಿನ ಸದ್ದಿನಲ್ಲಿ ಏನೂ ಕೇಳಲಿಲ್ಲ. ಹೊಳೆ ಅವರಿಬ್ಬರನ್ನೂ ಒಟ್ಟಿಗೆ ತೆಗೆದುಕೊಂಡಿತು.

ಹೆಣಗಳು ಕೆಳಗಿನ ಮಡುವಿನಲ್ಲಿ ಸಿಕ್ಕವು, ತಳ ಒಡೆದ ದೋಣಿಯೂ ಅಲ್ಲೇ ಸಿಕ್ಕಿತು. ಬಲೆ ಹಾಕಿ ಎಳೆದವರು ಊರವರು. ಆದರೆ ನೀರಿಗೆ ಧುಮುಕಿ ಮೊದಲು ಮುಟ್ಟಿದವನು ಗಡಿಯಾರದವನು. ಅವನು ಮುಖ ನೋಡಲಿಲ್ಲ, ಮೂಗಿಗೆ ಬೆರಳಿಟ್ಟು ನೋಡಲಿಲ್ಲ. ಅವನ ಕೈ ನೇರವಾಗಿ ಮಣಿಕಟ್ಟಿಗೆ ಹೋಯಿತು. ಅಂಬಿಗಿತ್ತಿಯದ್ದನ್ನು ಬಿಚ್ಚಿದ, ಅಂಬಿಗನದ್ದನ್ನು ಬಿಚ್ಚಿದ. ಒಣಗಿದ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯ ಗುಳಿಗಳಲ್ಲಿಟ್ಟ. ದಡದಲ್ಲಿ ಅಂಬಿಗಿತ್ತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಿನ ಕೆಸರು ಬಿಡಿಸುತ್ತಿದ್ದ ತುಂಗಮ್ಮ ಒಮ್ಮೆ ಕಣ್ಣೆತ್ತಿ ಆ ಪೆಟ್ಟಿಗೆಯನ್ನು ನೋಡಿದಳು.

ಮನೆಗೆ ಬಂದು ಅವನು ಕದ ಮುಂದೆ ಮಾಡಿಕೊಂಡ. ತನ್ನ ಕೈಯ ಗಡಿಯಾರ ಬಿಚ್ಚಿ ಗೂಡಿನಲ್ಲಿಟ್ಟು ಅಂಬಿಗನದ್ದನ್ನು ಕಟ್ಟಿಕೊಂಡ. ಅಂಬಿಗಿತ್ತಿಯದ್ದನ್ನು ಪಕ್ಕದಲ್ಲಿ ಹಿಡಿದ. ಎಳೆ ಹರಿಯಿತು. ಒಂದು ಕಲ್ಲಿನಿಂದ ಹೊರಟು ಇನ್ನೊಂದನ್ನು ಹೊಕ್ಕು ಕವಲಾಯಿತು. ಜನ್ಮವೆಲ್ಲ ನೋಡಬೇಕೆಂದಿದ್ದುದನ್ನು ಅವನು ನೋಡಿದ. ಎಷ್ಟು ಹೊತ್ತು ನೋಡಿದರೂ ಅದು ಅಷ್ಟೇ ಇತ್ತು. ಕಣ್ಣು ಎಳೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು. ಇನ್ನು ಹುಡುಕುವುದಕ್ಕೆ ಏನೂ ಇರಲಿಲ್ಲ.

ತುಂಗಮ್ಮ ಒದ್ದೆ ಸೀರೆಯಲ್ಲೇ ಬಾಗಿಲು ತಳ್ಳಿ ಒಳಗೆ ಬಂದಳು.

"ದೋಣಿ ಹತ್ತಬೇಡ ಅಂದ್ರಲ್ಲ."

ಅವನು ಅಂಬಿಗಿತ್ತಿಯ ಗಡಿಯಾರವನ್ನು ಇನ್ನಷ್ಟು ಹತ್ತಿರ ಹಿಡಿದ.

"ಹೊಳೆ ಏರಿತ್ತು, ಸರಿ. ಹೊಳೆಗೆ ಹೋಗಬೇಡ ಅನ್ನಬೇಕಿತ್ತು. ‘ಆ ದೋಣಿ’ ಅಂದ್ರಿ. ಯಾಕೆ?"

"ನಿನ್ನ ಉಳಿಸಿದೆನಲ್ಲ ತುಂಗಾ."

"ನನ್ನ ಉಳಿಸೋಕೆ ಒಂದು ಮಾತು ಇತ್ತು ನಿಮ್ಮ ಹತ್ರ. ಅದನ್ನೇ ಅವರಿಗೂ ಹೇಳಿದ್ರೆ ಸಾಕಾಗಿತ್ತು." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಹಲಗೆ ಒಡೆದಿದ್ದು ನೋಡಿದ್ರಾ?"

"ನೋಡಿದೆ."

"ಯಾವತ್ತು?"

"ಅವಳು ಸೊಪ್ಪು ಕೊಟ್ಟ ದಿನ."

ತುಂಗಮ್ಮ ಗೋಡೆಗೆ ಒರಗಿ ನಿಂತಳು. ಆ ಸೊಪ್ಪನ್ನು ಅವಳು ಬೇಳೆ ಹಾಕಿ ಬೇಯಿಸಿದ್ದಳು. ಇಬ್ಬರೂ ಉಂಡಿದ್ದರು. ಕಪಾಟಿನೊಳಗಿನ ಗಡಿಯಾರಗಳೆಲ್ಲ ಟಿಕಟಿಕ ಎನ್ನುತ್ತಲೇ ಇದ್ದವು.

"ಇಲ್ಲಿ ನೋಡು" ಎಂದ ಅವನು, ಎರಡೂ ಗಡಿಯಾರಗಳನ್ನು ಅವಳ ಕಡೆ ಚಾಚಿ. "ಒಂದು ಸಲ ನೋಡು. ಹೇಗೆ ಕೂಡಿದೆ ನೋಡು."

ಅವಳು ನೋಡಲಿಲ್ಲ. ಗೂಡಿನಲ್ಲಿದ್ದ ಮಂಜಿನ ಬಣ್ಣದ ಗಡಿಯಾರವನ್ನು ತೆಗೆದುಕೊಂಡು ಒಳಗೆ ಹೋದಳು.

ಅಂಬಿಗ ಅಂಬಿಗಿತ್ತಿಯರನ್ನು ಒಂದೇ ಚಿತೆಯಲ್ಲಿ ಸುಟ್ಟರು. ಬೂದಿ ಆರಿದ ಬೆಳಿಗ್ಗೆ ತುಂಗಮ್ಮ ತಲೆಗೆ ನೀರು ಹಾಕಿಕೊಂಡು, ಕುಂಕುಮ ಅಳಿಸಿ, ಬಿಳಿ ಸೀರೆಯುಟ್ಟು ಬೀದಿಗಿಳಿದಳು. ಬೊಗಸೆಯಲ್ಲಿ ಗಂಡನ ಗಡಿಯಾರ. ಅದನ್ನು ಕಂಡ ಹೆಂಗಸರು ಒಬ್ಬೊಬ್ಬರಾಗಿ ಮನೆಗಳಿಂದ ಹೊರಬಂದು ಅವಳ ಹಿಂದೆ ನಡೆದರು. ಪದ್ಧತಿ ಹಾಗೆ, ಕೇಳದೆ ಬರಬೇಕು. ಹೊಳೆಯ ದಡದಲ್ಲಿ ಊರ ಹಿರಿಯ ಎದುರಾದ. ಅವನೂ ಪದ್ಧತಿಯ ಹಾಗೆಯೇ ಕೇಳಬೇಕಾದ್ದನ್ನು ಕೇಳಿದ.

"ಯಾವಾಗ ಹೋದರು, ತಾಯಿ?"

"ನನಗೆ ದೋಣಿ ಹತ್ತಬೇಡ ಅಂದ ದಿನ."

ಹಿರಿಯ ಕೆಳಗೆ ದಡಕ್ಕೆ ಎಳೆದುಹಾಕಿದ್ದ ದೋಣಿಯ ಕಡೆ, ಅದರ ಒಡೆದ ತಳದ ಕಡೆ ನೋಡಿದ. ಅವನಿಗೆ ತಿಳಿಯಿತು. ನಿಂತಿದ್ದ ಎಲ್ಲರಿಗೂ ತಿಳಿಯಿತು. ಹಿರಿಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅಷ್ಟರಲ್ಲಿ ಗಡಿಯಾರದವನು ಓಡಿ ಬಂದ. ಕೈಯಲ್ಲಿ ಅಂಬಿಗನ ಗಡಿಯಾರ ಕಟ್ಟಿಯೇ ಇತ್ತು.

"ತುಂಗಾ, ಏನು ಮಾಡ್ತಿದೀಯ? ಇಲ್ಲೇ ಇದೀನಲ್ಲೇ!"

ತುಂಗಮ್ಮ ಸೊಂಟದ ತನಕ ನೀರಿಗಿಳಿದಿದ್ದಳು. "ರಂಗಧಾಮಾ" ಎಂದು ಕೂಗಿದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಓ" ಎಂದ ಅವನು ದಡದ ಮೇಲಿನಿಂದ. "ರಂಗಧಾಮಾ." "ಓ, ಇಲ್ಲಿದೀನಿ." ಮೂರನೆಯ ಸಲ ಕೂಗುವಾಗ ಅವಳ ದನಿ ಒಡೆಯಿತು. ಬೊಗಸೆ ತೆರೆದಳು. ಗಡಿಯಾರ ಸದ್ದಿಲ್ಲದೆ ಮುಳುಗಿತು.

ಅವಳು ಮೇಲೆ ಬಂದು ಅವನ ಮುಂದೆಯೇ ಹಾದುಹೋದಳು. ಅವಳ ಕಣ್ಣು ಅವನು ನಿಂತ ಜಾಗವನ್ನು ದಾಟಿ ಆಚೆಯ ಮರದ ಮೇಲಿತ್ತು. ಅವನು ಅಕ್ಕಸಾಲಿಯ ಭುಜ ಹಿಡಿದ. ಅಕ್ಕಸಾಲಿ ಅವನ ಬಾಲ್ಯದ ಗೆಳೆಯ. ಗಾಳಿಗೆ ಜಾರಿದ ಶಲ್ಯವನ್ನು ಸರಿಮಾಡಿಕೊಳ್ಳುವಂತೆ ಭುಜ ಕೊಡವಿಕೊಂಡು ಅಕ್ಕಸಾಲಿ ನಡೆದ.

ಆಮೇಲೆ ಅವನು ಬೀದಿಬೀದಿ ಅಲೆದ. ಅಂಗಡಿಯ ಮುಂದೆ ನಿಂತು ಅವಲಕ್ಕಿ ಕೇಳಿದ, ಅಂಗಡಿಯವನು ತಕ್ಕಡಿ ಒರೆಸುತ್ತ ಕೂತ. ಮನೆಗೆ ಹೋದ. ತುಂಗಮ್ಮ ಅವನು ಕೂತ ಜಾಗ ಬಿಟ್ಟು ಸುತ್ತ ಕಸ ಗುಡಿಸಿದಳು. ಒಂದೇ ತಟ್ಟೆ ಹಾಕಿಕೊಂಡಳು, ಪಾತ್ರೆ ತೊಳೆದು ಕವುಚಿದಳು. ಅವನು ಕಪಾಟಿನ ಗಡಿಯಾರಗಳನ್ನೆಲ್ಲ ಹೊರತೆಗೆದು ಚಾವಡಿಯಲ್ಲಿ ಹರಡಿದ. ನೋಡಿ, ಇದು ಹಸಿರು, ಇದು ಹುಲಿಕಣ್ಣು, ಇದು ಹವಳದ ಬಣ್ಣ ಎಂದು ಹಾದುಹೋಗುವವರಿಗೆ ತೋರಿಸಿದ. ಸತ್ತವರ ವಸ್ತುವನ್ನು ತುಳಿಯಬಾರದೆಂದು ಜನ ಅವುಗಳನ್ನು ಬಳಸಿಕೊಂಡು ಹೋದರು. ಹೊಸದೊಂದು ದೋಣಿ ಬಂತು. ಅದಕ್ಕೆ ಹೊಸ ಅಂಬಿಗ. ಊರು ಬಿಟ್ಟು ಹೋಗುತ್ತೇನೆಂದು ಇವನು ಮೆಟ್ಟಿಲ ಮೇಲೆ ನಿಂತು ಕೈಬೀಸಿದ. ದಡದಲ್ಲಿ ಯಾರೂ ಇಲ್ಲವೆಂದು ದೋಣಿ ತಿರುಗಿ ಹೋಯಿತು. ಈಜಲು ಅವನಿಗೆ ಶಕ್ತಿ ಉಳಿದಿರಲಿಲ್ಲ. ಕಾಡಿನ ಹಣ್ಣು ತಿಂದ, ಹೊಳೆಯ ನೀರು ಕುಡಿದ. ಗಡಿಯಾರಗಳಿಗೆ ಕೀಲಿ ಕೊಡುವುದನ್ನು ಬಿಟ್ಟ. ಅವು ಒಂದೊಂದಾಗಿ ನಿಂತವು.

ಎಡೆ ಇಡುವ ದಿನ ಬಂತು. ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಹೊಳೆದಡದ ಬಂಡೆಯ ಮೇಲೆ ಬಾಳೆಲೆಯಲ್ಲಿ ಬಡಿಸಬೇಕು. ಕಾಗೆ ಬಂದು ಮುಟ್ಟುವ ತನಕ ಯಾರೂ ಮನೆಗೆ ಹೋಗಿ ಉಣ್ಣುವ ಹಾಗಿಲ್ಲ. ತುಂಗಮ್ಮ ಬೆಳಗಿನಿಂದ ಒಲೆಯ ಮುಂದಿದ್ದು ಅನ್ನ, ಹುಳಿ, ಹಾಗಲಕಾಯಿ ಗೊಜ್ಜು, ಹೆಸರುಬೇಳೆ ಪಾಯಸ ಮಾಡಿದಳು. ಎಲೆಯ ತುಂಬ ಬಡಿಸಿ, ತುಪ್ಪ ಹಾಕಿ, ಕೈಮುಗಿದು ದೂರ ಬಂದು ಹೆಂಗಸರ ನಡುವೆ ನಿಂತಳು.

ಕಾಗೆ ಬರಲಿಲ್ಲ. ಹೊತ್ತು ಏರಿತು. ಮಕ್ಕಳು ಹಸಿವೆಯೆಂದು ಅಳತೊಡಗಿದವು. ಹಿರಿಯ ಕಾಕಾ ಎಂದು ಕರೆದು ಸೋತ.

ಆಗ ಮರಗಳ ಮರೆಯಿಂದ ಅವನು ಬಂದ. ಗಡ್ಡ ಬೆಳೆದಿತ್ತು, ಬಟ್ಟೆ ಹರಿದಿತ್ತು. ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ತುತ್ತು ಕಟ್ಟಿ ತಿನ್ನತೊಡಗಿದ. ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮಿದ. ಮತ್ತೆ ತಿಂದ. ಯಾರೂ ಅಲುಗಲಿಲ್ಲ. ತುಂಗಮ್ಮನ ಕೈಯಲ್ಲಿ ನೀರಿನ ಚೊಂಬಿತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಪಕ್ಕದ ಹೆಂಗಸು ಅವಳ ಮೊಳಕೈ ಹಿಡಿದುಕೊಂಡಳು. ತುಂಗಮ್ಮ ನಿಂತಳು.

ಎಲೆ ಬರಿದಾಯಿತು. ಅವನು ಮುಖವೆತ್ತಿದ.

"ಇನ್ನೊಂದು ಸ್ವಲ್ಪ ಅನ್ನ ಹಾಕೇ ತುಂಗಾ."

"ಕಾಗೆ ಮುಟ್ಟಿತು" ಎಂದಳು ತುಂಗಮ್ಮ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ನಡೀರಿ, ಮಕ್ಕಳು ಹಸಿದಿದಾವೆ."

ಹಿಂತಿರುಗಿ ನೋಡಬಾರದು ಎಂಬುದು ಪದ್ಧತಿ. ಯಾರೂ ನೋಡಲಿಲ್ಲ.